ಕಾಳಿ ನದಿಗೆ ಕಟ್ಟಿದ ಕಂತು

ಜುಲೈ ತಿಂಗಳಲ್ಲಿ ರ‍್ಯಾಫ್ಟಿಂಗ್ ಮಾಡಲು ಗಣೇಶಗುಡಿಗೆ ಹೋದ ಜಾಣ ನಾನು. ಜಿಟಿಜಿಟಿ ಮಳೆ, ಕಾಲಿಗೆ ಉಂಬಳ, ಎದುರಿಗೆ ಕಾಳಿ ನದಿ. ರಾಫ್ಟುಗಳೆಲ್ಲ ಶೆಡ್ಡಿನಲ್ಲಿ ಮಗುಚಿ ಮಲಗಿದ್ದವು. ‘ಮಳೆಗಾಲದಾಗ ಬಿಡೂದಿಲ್ರೀ ಸರ, ದೀಪಾವಳಿ ದಾಟಿದ ಮ್ಯಾಲ ಬರ‍್ರಿ’ ಎಂದ ಅಲ್ಲಿದ್ದ ಹುಡುಗ. ಪ್ಯಾಕೇಜಿನಲ್ಲಿ ಸೇರಿದೆಯಲ್ಲಪ್ಪಾ ಎಂದರೆ, ಸಣ್ಣಕ್ಷರದಲ್ಲಿ ‘ಹವಾಮಾನಕ್ಕೆ ಒಳಪಟ್ಟು’ ಎಂದೂ ಇತ್ತು. ದುಡ್ಡು ವಾಪಸಿಲ್ಲ.

ಇದೇನು ಗುಟ್ಟಿನ ವಿಷಯವಲ್ಲ. ಸೂಪಾ ಅಣೆಕಟ್ಟೆಯಿಂದ ವಿದ್ಯುತ್ತಿಗೆಂದು ಬಿಡುವ ನೀರಿದೆಯಲ್ಲ, ಅದರಿಂದಲೇ ಕಡುಬೇಸಿಗೆಯಲ್ಲೂ ಅಲ್ಲಿ ರಾಫ್ಟು ಓಡುತ್ತದೆ, ನಿಲ್ಲುವುದು ಮಳೆಗಾಲದಲ್ಲಿ. ಒಂದು ಫೋನ್ ಮಾಡಿದ್ದರೆ ತಿಳಿಯುತ್ತಿತ್ತು. ಮಾಡಲಿಲ್ಲ. ಏಕೆಂದರೆ ಜೂನ್‌ನಲ್ಲಿ ಬುಕಿಂಗ್‌ನವನು ‘ತಿಂಗಳಿಗೆ ಎಂಟೇ ಸಾವಿರ ಸರ್, ನೋ-ಕಾಸ್ಟ್ ಇಎಂಐ’ ಎಂದಿದ್ದ.

ಆ ‘ನೋ-ಕಾಸ್ಟ್’ ಎಷ್ಟಾಯಿತು ನೋಡಿ. ನಾಲ್ಕು ಜನರ ಪ್ಯಾಕೇಜಿಗೆ 8,000ದ ಆರು ಕಂತು, ಒಟ್ಟು 48,000 ರೂಪಾಯಿ. ಒಂದೇ ಸಲ ಕೊಟ್ಟಿದ್ದರೆ 44,500. ಅಲ್ಲಿಗೆ 3,500 ಹೋಯಿತು. ಬ್ಯಾಂಕು ಹಾಕುವ ಶೇ 15ರ ಬಡ್ಡಿ 2,032. ಅಷ್ಟನ್ನು ರಿಯಾಯಿತಿಯೆಂದು ಮೊದಲೇ ಕಳೆದಿದ್ದರು, ಸರಿ. ಆದರೆ ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ 366 ನನ್ನ ತಲೆಗೆ. ಪ್ರೊಸೆಸಿಂಗ್ ಶುಲ್ಕ 299, ಅದಕ್ಕೂ ಜಿಎಸ್‌ಟಿ 54. ಎಲ್ಲ ಕೂಡಿಸಿ 4,219. 44,500ಕ್ಕೆ ಇದು ಶೇ 9.5. ಕಡಿಮೆಯೇ ಅಂದಿರಾ? ಪ್ರತಿ ತಿಂಗಳೂ ಅಸಲು ತೀರುತ್ತ ಹೋಗುತ್ತದೆ. ಸಾಲ ಸರಾಸರಿ ನನ್ನ ಬಳಿ ಇದ್ದದ್ದು ಮೂರೂವರೆ ತಿಂಗಳು. ವರ್ಷದ ಲೆಕ್ಕಕ್ಕೆ ತಂದರೆ ಶೇ 32ರ ಆಸುಪಾಸು! ಮೀಟರ್ ಬಡ್ಡಿಯವನಾದರೂ ‘ಬಡ್ಡಿ’ ಎಂದು ಹೇಳಿಯೇ ವಸೂಲು ಮಾಡುತ್ತಾನೆ. ಇವರು ಬಡ್ಡಿಗೆ ‘ಉಚಿತ’ ಎಂದು ನಾಮಕರಣ ಮಾಡಿದ್ದಾರೆ. ಇಂಥದ್ದನ್ನು ಮಾರುವುದಕ್ಕೆ ನಾಚಿಕೆಯಾದರೂ ಬೇಡವೇ?

ತಿಂಗಳಿಗೆ 7,500ರಂತೆ ಆರು ತಿಂಗಳು ಆರ್‌ಡಿ ಕಟ್ಟಿದ್ದರೆ ಇಡೀ ದುಡ್ಡು ಕೈಯಲ್ಲಿರುತ್ತಿತ್ತು. ಇನ್ನೂ ಅಗ್ಗಕ್ಕೆ ಬೇಕೆಂದರೆ ಧಾರವಾಡದಿಂದ ದಾಂಡೇಲಿಗೆ ಬಸ್ಸು, ಕುಳಗಿಯಲ್ಲಿ ಅರಣ್ಯ ಇಲಾಖೆಯ ಕ್ಯಾಂಪು ಇವೆ.

ಆದರೆ 4,219 ರೂಪಾಯಿಗಿಂತ ನನ್ನನ್ನು ಕಾಡಿದ್ದು ಬೇರೆ. ಕಂತು ಎಂದ ಕೂಡಲೇ ನಾವು ಕೇಳುವುದು ‘ಕಟ್ಟಬಲ್ಲೆನಾ?’ ಎಂದು ಮಾತ್ರ. ‘ಏನು ಸಿಗುತ್ತದೆ, ಯಾವಾಗ ಸಿಗುತ್ತದೆ?’ ಎಂಬುದು ಬಾಯಿಗೇ ಬರುವುದಿಲ್ಲ. ನಮ್ಮಪ್ಪ ಸಂತೆಯಲ್ಲಿ ಬದನೆಕಾಯಿಯನ್ನೂ ತಿರುವಿ ಹಾಕಿ ನೋಡಿ ಕೊಳ್ಳುತ್ತಿದ್ದರು. ಜೇಬಿನಿಂದ ನೋಟು ಎಣಿಸಿ ಕೊಡಬೇಕಾದವನಿಗೆ ಆ ಜಾಗರೂಕತೆ ತಾನಾಗಿ ಬರುತ್ತದೆ. ಪ್ರವಾಸಕ್ಕೆಂದು ಆರು ತಿಂಗಳು ಹಣ ಕೂಡಿಡುವವನು, ಆ ಆರು ತಿಂಗಳಲ್ಲಿ ಹತ್ತು ಜನರನ್ನು ವಿಚಾರಿಸುತ್ತಾನೆ. ಒಬ್ಬರಾದರೂ ‘ಜುಲೈನಲ್ಲಿ ಬೇಡ ಮಾರಾಯ’ ಎನ್ನುತ್ತಾರೆ.

ಕೊನೆಯ ಕಂತು ಡಿಸೆಂಬರಿನಲ್ಲಿ ಕಟ್ಟಾಯಿತು. ಅದೇ ವಾರ ಸಹೋದ್ಯೋಗಿಯೊಬ್ಬರು ಹೆಲ್ಮೆಟ್ಟು ಹಾಕಿಕೊಂಡು ಕಾಳಿಯ ನೊರೆಯಲ್ಲಿ ನಗುತ್ತಿರುವ ಫೋಟೊ ಕಳಿಸಿದರು.