ಪಿಸ್ತೂಲಿಗೆ ಅರ್ಜಿ ಹಾಕುವ ಮುಂಚೆ

ತಮ್ಮಾ, ಕರಡಿ ಕಾಟಕ್ಕೆ ಒಂದು ರಿವಾಲ್ವರ್ ಇಟ್ಟುಕೊಂಡರೆ ಹೇಗೆ, ಇಟ್ಟುಕೊಳ್ಳುವುದಾದರೆ ಯಾವುದು ಒಳ್ಳೆಯದು ಅಂತ ಕೇಳಿದ್ದೀಯ. ಕೇಳಿದ್ದರಲ್ಲಿ ತಪ್ಪಿಲ್ಲ. ನಡುರಾತ್ರಿ ತ್ರೀ ಫೇಸ್ ಕರೆಂಟು ಬಿಟ್ಟರೆ ನಡುರಾತ್ರಿಯೇ ಹೊಲಕ್ಕೆ ಹೋಗಿ ಮೋಟಾರ್ ಹಚ್ಚಬೇಕಾದವನು ನೀನು. ಒಬ್ಬನೇ ಹೋಗುತ್ತೀಯ, ನೀನು ವಾಪಸ್ ಬರುವ ತನಕ ಮನೆಯಲ್ಲಿ ಯಾರೂ ಕಣ್ಣು ಮುಚ್ಚುವುದಿಲ್ಲ. ಅಂಥ ಹೆದರಿಕೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೂ ನೇರವಾಗಿ ಹೇಳುತ್ತೇನೆ: ಸೊಂಟದ ಪಿಸ್ತೂಲು ನಮ್ಮ ಕಡೆಯ ಕರಡಿಯಿಂದ ನಿನ್ನನ್ನು ಕಾಯುವುದಿಲ್ಲ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಯಾವ ಬಂದೂಕನ್ನೂ ಇಟ್ಟುಕೊಳ್ಳುವಂತಿಲ್ಲ. ಬೆಳೆ ಕಾಯಲು ಅಂತ ರೈತರಿಗೆ ಹಿಂದಿನಿಂದ ಸಿಗುತ್ತಾ ಬಂದದ್ದು ಮದ್ದು ತುಂಬುವ ನಳಿಗೆ ಬಂದೂಕು, ಕೈಪಿಸ್ತೂಲಲ್ಲ. 9 ಎಂಎಂ ಪಿಸ್ತೂಲು ನಿಷೇಧಿತ ಬೋರ್, ಸಾಮಾನ್ಯ ಜನಕ್ಕೆ ಅದು ಇಲ್ಲ. ಪರವಾನಗಿ ಸಿಕ್ಕವರು ಹೆಚ್ಚಾಗಿ ಕೊಳ್ಳುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್. ಅದು ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಸಣ್ಣ ಗುಂಡು. ನೂರು ಕಿಲೋ ಮೀರಿ ಬೆಳೆಯುವ, ಒತ್ತಾದ ಜಡೆಗೂದಲಿನ ಗಂಡು ಕರಡಿ ಮೈಮೇಲೆ ಬರುತ್ತಿರುವಾಗ ಆ ಗುಂಡು ಅದನ್ನು ಅಲ್ಲೇ ಕೆಡವುತ್ತದೆ ಅಂತ ನಂಬಬೇಡ. ಗಾಯವಾದ ಕರಡಿ ಮರುದಿನ ಸೌದೆಗೆ ಹೋದ ಯಾವ ಅವ್ವನ ಮೇಲೆ ಬೀಳುತ್ತದೋ, ಅದನ್ನೂ ಯೋಚನೆ ಮಾಡು.

ದೊಡ್ಡ ಬೋರಿನ ಪಿಸ್ತೂಲೇ ಕೈಗೆ ಬಂತು ಅಂತ ಇಟ್ಟುಕೋ. ಆಗಲೂ ನಿನಗೆ ಸಮಯ ಸಿಗುವುದಿಲ್ಲ. ಕರಡಿ ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ಬಂತೆಂದರೂ ಹತ್ತು ಹೆಜ್ಜೆ ದಾಟಲು ಅದಕ್ಕೆ ಒಂದು ಸೆಕೆಂಡು ಸಾಕು. ಹತ್ತು ಹೆಜ್ಜೆ ಅಂದರೆ ನಮ್ಮ ಮೆಕ್ಕೆಜೋಳದ ಹೊಲದಲ್ಲಿ ಬಹಳ ದೂರವಾಯಿತು, ಕರಡಿ ಎದುರಾಗುವುದು ಅದಕ್ಕಿಂತ ಹತ್ತಿರದಲ್ಲಿ. ಎಡಗೈಯಲ್ಲಿ ಬ್ಯಾಟರಿ, ಕಾಲ ಕೆಳಗೆ ಕೆಸರು, ಕತ್ತಲು. ಆ ಒಂದು ಸೆಕೆಂಡಿನಲ್ಲಿ ಚೀಲದಿಂದ ತೆಗೆದು, ಗುರಿ ಹಿಡಿದು, ಓಡಿಬರುವ ಕರಿಯ ಆಕಾರಕ್ಕೆ ಹೊಡೆಯುವ ಕೈ ಎಷ್ಟು ಜನಕ್ಕಿದೆ? ಅರಸೀಕೆರೆ ಕಡೆ ಜನರ ಮೇಲೆ ಬೀಳುತ್ತಿದ್ದ ಕರಡಿಯ ಕತೆಯನ್ನು ಕೆನೆತ್ ಆಂಡರ್ಸನ್ ಬರೆದಿದ್ದಾನೆ. ಕಾಡನ್ನು ಚೆನ್ನಾಗಿ ಬಲ್ಲ ಬೇಟೆಗಾರ, ಕೈಯಲ್ಲಿ ರೈಫಲ್, ಆದರೂ ಅದು ಒಂದೇ ಸಲಕ್ಕೆ ಸಿಗಲಿಲ್ಲ, ಮತ್ತೆ ಮತ್ತೆ ಹೋಗಬೇಕಾಯಿತು.

ಅಮೆರಿಕದ ಅಲಾಸ್ಕಾದಲ್ಲಿ ಕರಡಿಗೆ ಅಂತಲೇ ಭಾರಿ ರಿವಾಲ್ವರ್ ಕಟ್ಟಿಕೊಂಡು ತಿರುಗುವ ಜನ ಇದ್ದಾರೆ. ಅಲ್ಲಿ 1883ರಿಂದ 2009ರವರೆಗೆ ಬಂದೂಕು ಕೈಯಲ್ಲಿದ್ದಾಗ ಕರಡಿ ಎದುರಾದ 269 ಪ್ರಸಂಗಗಳನ್ನು ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು ಕೂಡಿಸಿ ನೋಡಿ 2012ರಲ್ಲಿ ಪ್ರಕಟಿಸಿದರು. ಎಷ್ಟೋ ಸಲ ಗುಂಡು ಕರಡಿಯನ್ನು ತಡೆದಿದೆ, ಅದು ನಿಜ. ಆದರೆ ಬಂದೂಕು ಹಾರಿಸಿದವರಿಗೂ, ಇದ್ದೂ ಹಾರಿಸದವರಿಗೂ ಗಾಯವಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದಕ್ಕೂ ಮೊದಲು, 2008ರಲ್ಲಿ, ಇದೇ ಜನ ಮೆಣಸಿನ ಸ್ಪ್ರೇ ಬಳಸಿದವರ ಲೆಕ್ಕ ನೋಡಿದ್ದರು. ಅವರಲ್ಲಿ ನೂರಕ್ಕೆ 98 ಮಂದಿಗೆ ಗಾಯವೇ ಆಗಿರಲಿಲ್ಲ. ಹಾಗಂತ ನಮ್ಮ ಪೇಟೆಯಲ್ಲಿ ಸಿಗುವ ಬೆರಳುದ್ದದ ಡಬ್ಬಿ ನಂಬಿಕೊಂಡು ಹೊರಡಬೇಡ. ಅದು ಮನುಷ್ಯರಿಗೆ ಮಾಡಿದ್ದು. ಅವರದು ಹಲವು ಮೀಟರ್ ದೂರಕ್ಕೆ ಮೋಡದ ಹಾಗೆ ಹರಡುವ ದೊಡ್ಡ ಡಬ್ಬಿ.

ಈಗ ಕರಡಿಯ ಕಡೆಯಿಂದ ನೋಡು. ದರೋಜಿಯಲ್ಲಿ 1994ರಲ್ಲಿ ಕರಡಿಧಾಮ ಆಯಿತು, ಆಮೇಲೆ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ. ದರೋಜಿಯಲ್ಲಿ ಬಂಡೆಗೆ ಬೆಲ್ಲದ ಪಾಕ ಹಚ್ಚಿಟ್ಟು, ಸಂಜೆ ಕರಡಿ ಬಂದು ನೆಕ್ಕುವುದನ್ನು ಗೋಪುರದಿಂದ ತೋರಿಸುತ್ತಾರೆ. ನೀನೂ ಹೋಗಿ ನೋಡಿ ಬಾ. ಗದ್ದಲ ಮಾಡದೆ ಬರುತ್ತದೆ, ತಿನ್ನುತ್ತದೆ, ಹೋಗುತ್ತದೆ. ಮನುಷ್ಯನನ್ನು ತಿನ್ನಲು ಬರುವ ಪ್ರಾಣಿ ಅದಲ್ಲ. ಗೆದ್ದಲು, ಇರುವೆ, ಜೇನು, ಕವಳೆ, ಬಾರೆ, ಸೀತಾಫಲ ಅದರ ಊಟ. ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಇಲ್ಲದ್ದರಿಂದಲೇ ಅದು ಹುತ್ತಕ್ಕೆ ಬಾಯಿಟ್ಟು ಗೆದ್ದಲನ್ನು ಹೀರಬಲ್ಲದು. ಹೀರುವಾಗ ಅದರದೇ ಸದ್ದು ಜೋರು, ಮೂಗು ಮಣ್ಣಿನಲ್ಲಿ. ಕಣ್ಣು ಮಂದ. ಗಾಳಿ ಎದುರಿನಿಂದ ಬೀಸುತ್ತಿದ್ದರೆ ನೀನು ಬಂದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಹತ್ತಿರಕ್ಕೆ ಬಂದ ಮೇಲೆ ತಿಳಿದರೆ ಗಾಬರಿಯಾಗಿ ಎರಗುತ್ತದೆ. ಹುಲಿ ಚಿರತೆ ಇದ್ದ ಕಾಡಿನಲ್ಲಿ ಓಡದೆ ತಿರುಗಿ ಬೀಳುವುದನ್ನು ಕಲಿತ ಜಾತಿ ಅದು. ಬೆನ್ನ ಮೇಲೆ ಮರಿ ಹೊತ್ತ ತಾಯಿಯಾದರೆ ಕೇಳುವುದೇ ಬೇಡ. ಚಳಿಗಾಲದಲ್ಲಿ ಗವಿಯಲ್ಲಿ ಈಯುತ್ತದೆ, ಬೇಸಿಗೆ ಹೊತ್ತಿಗೆ ಮರಿ ಹೊತ್ತು ಹೊರಗೆ ಬರುತ್ತದೆ.

ಹಾಗಾಗಿ ನೀನು ಬರುತ್ತಿರುವುದು ಕರಡಿಗೆ ದೂರದಿಂದಲೇ ಗೊತ್ತಾಗಬೇಕು. ನನ್ನ ಬುದ್ಧಿಯೆಲ್ಲ ಇಷ್ಟೇ. ಮಾತಾಡುತ್ತಾ ಹೋಗು, ಕೆಮ್ಮು, ಕೋಲು ಬಡಿ, ಮೊಬೈಲಿನಲ್ಲಿ ಹಾಡು ಹಚ್ಚು. ಆದರೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೋಗಬೇಡ, ಆ ಹಾಡು ಕರಡಿಗೆ ಕೇಳಬೇಕು. ಮೊಬೈಲಿನ ಬೆಳಕು ಸಾಲದು, ದೂರಕ್ಕೆ ಬೀಳುವ ಬ್ಯಾಟರಿ ಹಿಡಿ. ಒಬ್ಬನೇ ಹೋಗುವ ಬದಲು ಪಕ್ಕದ ಹೊಲದವನನ್ನು ಕರೆ, ಒಂದು ರಾತ್ರಿ ಅವನ ಮೋಟಾರು, ಒಂದು ರಾತ್ರಿ ನಿನ್ನದು. ಬಂಡೆಯ ಸಂದಿಗೆ, ಪೊದೆಗೆ ಇಣುಕಬೇಡ, ಹಗಲು ಅದು ಮಲಗುವುದು ಅಲ್ಲೇ. ನಸುಕಿನಲ್ಲಿ ಬಯಲಿಗೆ ಹೋಗುವ ಹಿರಿಯರು ಮನೆಯಲ್ಲಿದ್ದರೆ ಶೌಚಾಲಯ ಬಳಸುವಂತೆ ಕಾಲು ಹಿಡಿದಾದರೂ ಒಪ್ಪಿಸು. ಕುಕ್ಕರಗಾಲಲ್ಲಿ ಸುಮ್ಮನೆ ಕೂತವರ ಸುಳಿವು ಕರಡಿಗೆ ಸಿಗುವುದಿಲ್ಲ.

ಕಂಡೇಬಿಟ್ಟರೆ ಓಡಬೇಡ, ಮರ ಹತ್ತಬೇಡ, ಅದಕ್ಕೂ ಹತ್ತಲು ಬರುತ್ತದೆ. ಮುಖ ಅದರ ಕಡೆಗೇ ಇಟ್ಟು ನಿಧಾನವಾಗಿ ಹಿಂದೆ ಸರಿ, ಅದರ ದಾರಿ ಬಿಡು. ಮೈಮೇಲೆ ಬಂದೇ ಬಂದರೆ ಬೋರಲು ಬಿದ್ದು ಮುಖ ನೆಲಕ್ಕೆ ಒತ್ತು, ಎರಡೂ ಕೈ ಕತ್ತಿನ ಹಿಂದೆ ಹೆಣೆದು ಹಿಡಿ. ಅದರ ಉಗುರು ಬೆರಳಿನಷ್ಟು ಉದ್ದ, ಹೋಗುವುದು ಮುಖಕ್ಕೆ, ತಲೆಗೆ. ಕಣ್ಣು, ಮೂಗು ಕಳೆದುಕೊಂಡವರ ಬದುಕು ಎಷ್ಟು ಕಷ್ಟ ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಜೊತೆಯಲ್ಲಿ ಇದ್ದವರು ಕೂಗಿ ಗದ್ದಲ ಎಬ್ಬಿಸಬೇಕು. ಕರಡಿ ಬಿಟ್ಟುಹೋದ ಮೇಲೆ ಗಾಯವನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಬಟ್ಟೆ ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಿ. ಅರಿಶಿನ, ಸೊಪ್ಪು ಮೆತ್ತಬೇಡಿ. ಆಸ್ಪತ್ರೆಯಲ್ಲಿ ಹುಚ್ಚುನಾಯಿ ಕಚ್ಚಿದರೆ ಕೊಡುವ ಇಂಜೆಕ್ಷನ್ ಕೇಳಿ ಹಾಕಿಸಿಕೊಳ್ಳಬೇಕು. ಅರಣ್ಯ ಇಲಾಖೆಯ ಸಹಾಯವಾಣಿ 1926, ಪರಿಹಾರಕ್ಕೂ ಅಲ್ಲಿಂದಲೇ ದಾರಿ.

ಇನ್ನೊಂದು ಮಾತು. ಪಿಸ್ತೂಲು ಬೇಡ ಅಂದರೆ ನಾಡಬಂದೂಕು, ಹಂದಿ ಉರುಳು, ಬೇಲಿಗೆ ಕರೆಂಟು ಅಂತ ಹೇಳುವವರು ಬರುತ್ತಾರೆ. ಅವರ ಮಾತಿಗೆ ಕಿವಿಗೊಡಬೇಡ. ಕರೆಂಟು ಬೇಲಿಗೆ ಸಾಯುವುದು ನೀರು ಕಟ್ಟಲು ಬಂದ ಪಕ್ಕದ ಹೊಲದವನು. ಉರುಳಿನಿಂದ ಕಿತ್ತುಕೊಂಡು ಹೋದ ಕರಡಿ ನೋವಿನಲ್ಲಿ ಊರ ಸುತ್ತ ಅಲೆಯುತ್ತದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಅದು, ಕೊಂದರೆ ಮೂರರಿಂದ ಏಳು ವರ್ಷ ಜೈಲು. ಜೀವ ಉಳಿಸಿಕೊಳ್ಳಲು ಪ್ರಾಮಾಣಿಕವಾಗಿ ಹೊಡೆದವನಿಗೆ ಅದೇ ಕಾಯ್ದೆಯ 11ನೇ ಕಲಮಿನಲ್ಲಿ ರಕ್ಷಣೆ ಇದೆ, ಆದರೆ ಅದೇ ಹೊತ್ತಿನಲ್ಲಿ ಆ ಕಾಯ್ದೆಯನ್ನು ಮುರಿಯುತ್ತಿದ್ದವನಿಗೆ ಇಲ್ಲ.

ಅರ್ಜಿ ಬರೆಯುವ ಮನಸ್ಸು ಹೇಗೂ ಮಾಡಿದ್ದೀಯ, ಬರೆ. ಕರಡಿ ಓಡಾಡುವ ಹೊಲಗಳ ಸರ್ವೆ ನಂಬರ್ ಹಾಕಿ, ಈ ಲೈನಿಗೆ ಹಗಲು ಹೊತ್ತು ತ್ರೀ ಫೇಸ್ ಕೊಡಿ ಅಂತ ಬರೆದು, ಒಂದು ಪ್ರತಿ ಕರೆಂಟಿನ ಕಚೇರಿಗೆ, ಒಂದು ಅರಣ್ಯದವರಿಗೆ, ಒಂದು ಪಂಚಾಯಿತಿಗೆ ಕೊಡು. ಸೋಮವಾರ ಭೀಮೇಶ್ವರ ಗುಡಿಯ ಹತ್ತಿರ ಎಲ್ಲರೂ ಸೇರುತ್ತಾರೆ, ಸಹಿ ಅಲ್ಲೇ ಹಾಕಿಸೋಣ. ಮೊದಲ ಸಹಿ ನನ್ನದು.