ನಕ್ಷೆ ತಂತ್ರಾಂಶದಲ್ಲಿ ಫಂಕ್ಷನ್ ಕಾಣದಿದ್ದಾಗ ಅನುಸರಿಸಬೇಕಾದ ಕ್ರಮ

ಕೆರೆ, ಗೋಮಾಳ, ರಸ್ತೆಗಳ ನಕ್ಷೆಗಾಗಿ ಬಳಸುವ ಕ್ಯೂಜಿಐಎಸ್ ತಂತ್ರಾಂಶದಲ್ಲಿ, ಒಂದು ಗಣಕಯಂತ್ರದಲ್ಲಿ ಸಿದ್ಧಪಡಿಸಿದ ಪ್ರಾಜೆಕ್ಟ್ ಅನ್ನು ಮತ್ತೊಂದರಲ್ಲಿ ತೆರೆದಾಗ ವಿಸ್ತೀರ್ಣದ ಜಾಗ ಖಾಲಿಯಾಗಿ, ಎಕ್ಸ್‌ಪ್ರೆಶನ್‌ನಲ್ಲಿರುವ ಫಂಕ್ಷನ್ ಪರಿಚಿತವಲ್ಲವೆಂಬ ಸಂದೇಶ ಬರುವುದುಂಟು. ಇದರಿಂದ ಗುರುತಿಸಿದ ಗಡಿರೇಖೆಗಳಿಗೆ ಧಕ್ಕೆಯಾಗಿರುವುದಿಲ್ಲ. ಆದರೆ ಅವಸರದಲ್ಲಿ ಹೋಲುವ ಮತ್ತೊಂದು ಫಂಕ್ಷನ್ ಹಾಕಿದರೆ, ತಪ್ಪು ವಿಸ್ತೀರ್ಣ ಕಡತ ಸೇರುವ ಅಪಾಯವಿದೆ. ಆದ್ದರಿಂದ ಕೆಳಗಿನ ಕ್ರಮವನ್ನು ಅನುಸರಿಸುವುದು ಸೂಕ್ತ.

1. ಹೆಸರಿನ ಪರಿಶೀಲನೆ: ಎಕ್ಸ್‌ಪ್ರೆಶನ್ ಕಿಟಕಿಯ ಹುಡುಕು ಪೆಟ್ಟಿಗೆಯಲ್ಲಿ ಫಂಕ್ಷನ್‌ನ ಹೆಸರನ್ನು ಬರೆಯಿರಿ. ಪಟ್ಟಿಯಲ್ಲಿ ಅದು ದೊರೆತರೆ ದೋಷವಿರುವುದು ಕಾಗುಣಿತದಲ್ಲಿ, ಆವರಣ ಚಿಹ್ನೆಯಲ್ಲಿ ಅಥವಾ ಅಲ್ಪವಿರಾಮದಲ್ಲಿ.

2. ಆವೃತ್ತಿಯ ಪರಿಶೀಲನೆ: ಹೆಲ್ಪ್ ಮೆನುವಿನ ಅಬೌಟ್ ಭಾಗದಲ್ಲಿ ಆವೃತ್ತಿ ಸಂಖ್ಯೆ ಇರುತ್ತದೆ. ಉದಾಹರಣೆಗೆ, ‘ಓವರ್‌ಲೇ’ ಎಂದು ಆರಂಭವಾಗುವ ಫಂಕ್ಷನ್‌ಗಳು 3.16ನೇ ಆವೃತ್ತಿಯಲ್ಲಿ ಸೇರ್ಪಡೆಯಾದವು. ಅದಕ್ಕಿಂತ ಹಳೆಯ ಆವೃತ್ತಿಯಲ್ಲಿ ಅವು ಸಿಗುವುದಿಲ್ಲ.

3. ಬಳಕೆದಾರರು ಬರೆದ ಫಂಕ್ಷನ್: ಚದರ ಮೀಟರನ್ನು ಎಕರೆ-ಗುಂಟೆಗೆ ಪರಿವರ್ತಿಸುವಂಥ ಫಂಕ್ಷನ್ ತಂತ್ರಾಂಶದ್ದಲ್ಲ, ಯಾರೋ ಪೈಥಾನ್‌ನಲ್ಲಿ ಬರೆದದ್ದು. ಅದು ಸಾಮಾನ್ಯವಾಗಿ ಬರೆದವರ ಯೂಸರ್ ಪ್ರೊಫೈಲ್ ಫೋಲ್ಡರ್‌ನ ‘ಪೈಥಾನ್’ ಒಳಗಿನ ‘ಎಕ್ಸ್‌ಪ್ರೆಶನ್ಸ್’ ಫೋಲ್ಡರ್‌ನಲ್ಲಿ ಉಳಿದಿರುತ್ತದೆ. ಆ ಕಡತವನ್ನು ಬರೆದವರಿಂದಲೇ ಪಡೆದು, ನಿಮ್ಮ ಗಣಕಯಂತ್ರದ ಅದೇ ಫೋಲ್ಡರ್‌ಗೆ ಹಾಕಿ, ತಂತ್ರಾಂಶವನ್ನು ಮತ್ತೆ ಆರಂಭಿಸಿರಿ. ಫಂಕ್ಷನ್ ಪ್ಲಗಿನ್‌ನಿಂದ ಬಂದದ್ದಾದರೆ ಆ ಪ್ಲಗಿನ್ ಅಳವಡಿಸಿರಬೇಕು.

4. ಕಡತ ಸಿಗದಿದ್ದರೆ: ಸಾಮಾನ್ಯ ಗಣಿತವೇ ಸಾಕು. 1 ಎಕರೆ ಎಂದರೆ 4,046.86 ಚದರ ಮೀಟರ್. 1 ಗುಂಟೆ ಎಂದರೆ 101.17 ಚದರ ಮೀಟರ್. 20,000 ಚದರ ಮೀಟರಿನ ಕೆರೆ 4 ಎಕರೆ 37.7 ಗುಂಟೆಯಾಗುತ್ತದೆ. ಇದೇ ವಿಸ್ತೀರ್ಣ ದಶಮಾಂಶದಲ್ಲಿ 4.94 ಎಕರೆ, ಇದನ್ನು 4 ಎಕರೆ 94 ಗುಂಟೆ ಎಂದು ಓದಬಾರದು.

ಇಲ್ಲಿ ವಿಶೇಷ ಎಚ್ಚರ ಬೇಕಾದ ಅಂಶವೊಂದಿದೆ. ‘$ಏರಿಯಾ’ ಪ್ರಾಜೆಕ್ಟ್‌ನಲ್ಲಿ ನಿಗದಿಪಡಿಸಿದ ಎಲಿಪ್ಸಾಯ್ಡ್ ಮತ್ತು ವಿಸ್ತೀರ್ಣದ ಏಕಮಾನಕ್ಕೆ ಅನುಗುಣವಾಗಿ ಲೆಕ್ಕ ಹಾಕುತ್ತದೆ. ‘ಏರಿಯಾ’ ಎಂಬ ಫಂಕ್ಷನ್ ಭೂಮಿಯ ವಕ್ರತೆಯನ್ನು ಪರಿಗಣಿಸದೆ, ಪದರದ ನಿರ್ದೇಶಾಂಕ ಪದ್ಧತಿಯಲ್ಲಿ ಸಮತಲದ ಲೆಕ್ಕ ನೀಡುತ್ತದೆ. ಪದರವು ಅಕ್ಷಾಂಶ-ರೇಖಾಂಶದಲ್ಲಿದ್ದರೆ ಉತ್ತರ ಚದರ ಡಿಗ್ರಿಯಲ್ಲಿ ಬರುವುದರಿಂದ ತಪ್ಪು ಕೂಡಲೇ ತಿಳಿಯುತ್ತದೆ. ಆದರೆ ಉಪಗ್ರಹ ಚಿತ್ರದ ಮೇಲೆ ವೆಬ್ ಮರ್ಕೇಟರ್ ಪದ್ಧತಿಯಲ್ಲಿ, ಅಂದರೆ ಇಪಿಎಸ್‌ಜಿ 3857ರಲ್ಲಿ, ಗುರುತಿಸಿದ ಪದರವಾದರೆ 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ವಿಸ್ತೀರ್ಣ ಸುಮಾರು ಶೇ. 6ರಷ್ಟು ಹೆಚ್ಚು ಬರುತ್ತದೆ. ಮೇಲಿನ ಕೆರೆಗೆ ಇದು ಸುಮಾರು 12 ಗುಂಟೆಯ ವ್ಯತ್ಯಾಸ. ಅಂಕಿ ಸಹಜವಾಗಿಯೇ ತೋರುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಮುಂದೆ ಒತ್ತುವರಿ ತಕರಾರು ಎದ್ದಾಗ ಅಥವಾ ಹೂಳೆತ್ತುವ ಅಂದಾಜುಪಟ್ಟಿ ಸಿದ್ಧಪಡಿಸುವಾಗ ಅದೇ ತೊಡಕಾಗುತ್ತದೆ.

ಆದ್ದರಿಂದ ಫಂಕ್ಷನ್ ಬದಲಿಸಿದ ನಂತರ, ಅಳತೆ ಖಚಿತವಾಗಿ ತಿಳಿದಿರುವ ಒಂದು ಜಮೀನಿನ ಮೇಲೆ ಮೊದಲು ಪರೀಕ್ಷಿಸಿ, ಸರ್ವೆ ದಾಖಲೆಯೊಂದಿಗೆ ತಾಳೆ ನೋಡುವುದು ಅವಶ್ಯ. ಬಳಸಿದ ಎಕ್ಸ್‌ಪ್ರೆಶನ್, ತಂತ್ರಾಂಶದ ಆವೃತ್ತಿ ಹಾಗೂ ನಿರ್ದೇಶಾಂಕ ಪದ್ಧತಿಯನ್ನು ನಕ್ಷೆಯ ಕಡತದೊಂದಿಗೆ ಬರೆದಿಟ್ಟರೆ, ವರ್ಗಾವಣೆಯಾಗಿ ಬರುವ ಅಧಿಕಾರಿಯೂ ಅದೇ ಲೆಕ್ಕವನ್ನು ಪುನಃ ಪಡೆಯಬಹುದು.