ಹಸಿವನ್ನು ಕಟ್ಟಿಹಾಕಬೇಡಿ

ಪ್ರಶ್ನೆ: ನನಗೆ 23 ವರ್ಷ. ಹಗಲೆಲ್ಲ ಉಪವಾಸವಿದ್ದು, ರಾತ್ರಿ ತಡೆಯಲಾರದೆ ಸಿಕ್ಕಿದ್ದೆಲ್ಲ ತಿಂದು ವಾಂತಿ ಮಾಡಿಕೊಳ್ಳುತ್ತೇನೆ. ಬರೀ ಮಾತಿನ ಚಿಕಿತ್ಸೆಯಿಂದ ಇದು ವಾಸಿಯಾದೀತೇ?

ಉತ್ತರ: ವಾಸಿಯಾಗಬಲ್ಲದು. ಇದು ಬಾಯಿಚಪಲವಲ್ಲ, ನೀವು ಹೇಳಿರುವುದು ಬುಲಿಮಿಯಾ ಕಾಯಿಲೆಯ ಲಕ್ಷಣ. ‘ನನ್ನ ತೂಕವೇ ನನ್ನ ಬೆಲೆ’ ಎಂಬ ನಂಬಿಕೆ ಕಠಿಣ ಪಥ್ಯಕ್ಕೆ ದೂಡುತ್ತದೆ, ಹಸಿದ ದೇಹ ಮಿತಿಮೀರಿ ತಿನ್ನಿಸುತ್ತದೆ, ವಾಂತಿಯ ನಂತರದ ನಾಚಿಕೆ ಪಥ್ಯವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಆಕ್ಸ್‌ಫರ್ಡ್‌ನ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಅರಿವು-ವರ್ತನಾ ಚಿಕಿತ್ಸೆ ಈ ವಿಷವರ್ತುಲವನ್ನು ಪಥ್ಯದ ಕೊಂಡಿಯಲ್ಲೇ ಮುರಿಯುತ್ತದೆ. ದಿನಕ್ಕೆ ಮೂರು ಊಟ, ನಡುವೆ ಎರಡು-ಮೂರು ಲಘು ಉಪಾಹಾರ. ತಿಂದದ್ದನ್ನೂ ಆಗಿನ ಮನಃಸ್ಥಿತಿಯನ್ನೂ ಆ ಕ್ಷಣವೇ ಬರೆದಿಡಬೇಕು. ‘ಒಂದು ಹೋಳಿಗೆ ತಿಂದರೆ ದಪ್ಪಗಾಗುತ್ತೇನೆ’ ಎಂಬ ಭಯವನ್ನು ಹೋಳಿಗೆ ತಿಂದು, ವಾರಕ್ಕೊಮ್ಮೆ ತೂಕ ನೋಡಿಯೇ ಪರೀಕ್ಷಿಸುತ್ತಾರೆ. ಮಾತಿಗಿಂತ ಈ ಅಭ್ಯಾಸವೇ ಮುಖ್ಯ: ಮೊದಲ ನಾಲ್ಕು ವಾರಗಳಲ್ಲಿ ಪಥ್ಯದ ಬಿಗಿ ಸಡಿಲಿಸಿದವರು ಕೊನೆಗೆ ಹೆಚ್ಚು ಸುಧಾರಿಸಿದ್ದನ್ನು ಅಮೆರಿಕದ ಅಧ್ಯಯನವೊಂದು 2002ರಲ್ಲಿ ತೋರಿಸಿತು.

ಮನಸ್ಸಿನಾಳದ ನೋವನ್ನು ಕೆದಕದೆ ಊಟದ ವೇಳೆ ಸರಿಪಡಿಸಿದರೆ ಏನು ಬಂತು ಎಂದು ಕೆಲವರು ಕೇಳುತ್ತಾರೆ. 2014ರಲ್ಲಿ ಪ್ರಕಟವಾದ ಕೋಪನ್‌ಹೇಗನ್ ಅಧ್ಯಯನ ಇದಕ್ಕೆ ಉತ್ತರ. ಐದು ತಿಂಗಳ ಈ ಚಿಕಿತ್ಸೆ ಪಡೆದವರಲ್ಲಿ 42% ಮಂದಿ ಅತಿಭಕ್ಷಣೆ, ವಾಂತಿಗಳಿಂದ ಮುಕ್ತರಾದರು. ಎರಡು ವರ್ಷ ಮನೋವಿಶ್ಲೇಷಣಾ ಚಿಕಿತ್ಸೆ ಪಡೆದವರಲ್ಲಿ ಕೊನೆಗೆ ಮುಕ್ತರಾದವರು 15% ಮಾತ್ರ. ಎಲ್ಲರಿಗೂ ಫಲ ಸಿಗುವುದಿಲ್ಲ, ನಿಜ. ಆದರೆ ಮೊದಲು ಹಿಡಿಯಬೇಕಾದ ದಾರಿ ಇದೇ. ಪದೇ ಪದೇ ವಾಂತಿಯಾದರೆ ಪೊಟ್ಯಾಸಿಯಂ ಕುಸಿದು ಹೃದಯಕ್ಕೆ ಅಪಾಯ. ರಕ್ತಪರೀಕ್ಷೆ ಮಾಡಿಸಿ, ಮನೋವೈದ್ಯರನ್ನು ಕಾಣಿ; ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಇಂದೇ ಕರೆ ಮಾಡಿ.